ಬಿಸಿಗೂ ಅಳಿಯದ ಕಾಂತಗುಣ

ಚಂದ್ರಗುತ್ತಿ, ಸೊರಬ ತಾಲ್ಲೂಕು
೨೨ ಜನವರಿ ೨೦೨೫

ಪ್ರೀತಿಯ ಮಗಳೇ ಮಧುಶ್ರೀ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಹಾಸ್ಟೆಲಿನ ನೀರಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಇಲ್ಲಿ ನಿನ್ನ ಅಮ್ಮ ಯಮುನಮ್ಮ ಗಟ್ಟಿಮುಟ್ಟಾಗಿದ್ದಾಳೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಭಾನುವಾರ ಮಾತಾಡಿದ ಮೇಲೆ ನಿನ್ನ ಫೋನು ಆಫ್ ಆಗಿದೆ, ಅದಕ್ಕೇ ಈ ಕಾಗದ.

ನೀನು ಅಂದು ಅಳುತ್ತ ಹೇಳಿದ್ದನ್ನು ನಾನು ಬಿಡಿಸಿ ಬಿಡಿಸಿ ಯೋಚಿಸಿದ್ದೇನೆ. ಮ್ಯಾಂಗನೀಸು, ನಿಕ್ಕಲ್ಲು ಎರಡನ್ನೂ ಆಕ್ಸಾಲಿಕ್ ಆಮ್ಲದ ಕೊಂಡಿಯಿಂದ ಹೆಣೆದು ಹರಳು ಮಾಡಿದೆ. ಕೆಸುವಿನ ಎಲೆ ತಿಂದರೆ ಗಂಟಲು ಕೆರೆಯುವುದು ಆ ಆಮ್ಲದ ಲವಣದಿಂದಲೇ ಎಂದು ನೀನೇ ಹೇಳಿಕೊಟ್ಟಿದ್ದೆ. ಇಂಥ ಹರಳು ಅಯಸ್ಕಾಂತದಂತೆ ನಡೆದುಕೊಳ್ಳುವುದು ವಿಪರೀತ ಥಂಡಿಯಲ್ಲಿ ಮಾತ್ರವಂತೆ. ನಿನ್ನದು ಕೋಣೆಯ ಬಿಸಿಯಲ್ಲೂ ಆ ಗುಣ ಬಿಡಲಿಲ್ಲ. ಆಗ ನಿನ್ನ ಗೈಡ್ ಸಭೆ ಕರೆದು, ಹಾರ ಹಾಕಿಸಿಕೊಂಡು, ಪ್ರಬಂಧದಲ್ಲಿ ತಮ್ಮ ಹೆಸರನ್ನೂ ಹಾಕಿಸಿಕೊಂಡರು. ಈಗ ಬೇರೆ ಕಡೆಯವರು ಮಾಡಿ ನೋಡಿದರೆ ಆ ಗುಣ ಕಾಣಲಿಲ್ಲ ಎಂದ ಕೂಡಲೇ, ತಪ್ಪು ನಿನ್ನೊಬ್ಬಳದೇ ಎಂದು ಬರೆದು ಸಹಿ ಮಾಡಿಕೊಡು, ಇಲ್ಲವಾದರೆ ಪಿಎಚ್.ಡಿ. ಮರೆತುಬಿಡು ಅನ್ನುತ್ತಿದ್ದಾರೆ.

ಇದು ನನಗೆ ಹೊಸದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದೂರಿನ ಕೆರೆ ಏರಿ ಒಡೆಯಿತು. ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವರೆಲ್ಲ ಆ ದಿನ ಮಾಯ. ಸಿಕ್ಕಿಬಿದ್ದವನು ತೂಬು ಕಾಯುವವನು. "ಏರಿ ನಾ ಕಟ್ಟಿದ್ನೇನ್ರೀ?" ಎಂದು ಅವನು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಕೊನೆಗೆ ಅವನೇ ತಲೆ ತಗ್ಗಿಸಿ ಹೆಬ್ಬೆಟ್ಟು ಒತ್ತಿದ. ನೀನು ಅವನಂತೆ ತಲೆ ತಗ್ಗಿಸಬೇಡ. ಸಹಿ ಮಾಡಬೇಡ. ಬೇಕಾದರೆ ನಾನೇ ಬಂದು ಅವರ ಎದುರು ಕೂರುತ್ತೇನೆ. ಈ ವಯಸ್ಸಿಗೆ ನನಗೆ ಯಾರ ಪಿಎಚ್.ಡಿ.ಯೂ ಬೇಕಿಲ್ಲ, ಆದ್ದರಿಂದ ಹೆದರಿಕೆಯೂ ಇಲ್ಲ.

ತಾಯಿ ಗುತ್ಯಮ್ಮ ನಿನ್ನನ್ನು ಕಾಯಲಿ. ರಾತ್ರಿ ಬರಿ ಹೊಟ್ಟೆಯಲ್ಲಿ ಮಲಗಬೇಡ.

ನಿನ್ನ ದೊಡ್ಡಪ್ಪ,
ಗುತ್ಯಪ್ಪ

ಮರೆತ ಮಾತು: ಕವರು ಅಂಟಿಸುವಷ್ಟರಲ್ಲಿ ಯಮುನಮ್ಮ ಒಂದು ಸಂಗತಿ ಹೇಳಿದಳು. ಆಯುಧಪೂಜೆಗೆಂದು ನೀನು ಹರಳು ಅರೆಯುವ ಪುಟ್ಟ ಕಲ್ಲನ್ನು ತಂದಿದ್ದೆಯಲ್ಲ, "ಎಲ್ಲರ ಕತ್ತಿ ಗುದ್ಲಿಗೂ ಪೂಜೆ ಆಗ್ತದೆ, ನಿನ್ ಹತ್ಯಾರಕ್ಕೆ ಬ್ಯಾಡ್ವೇನೆ" ಎಂದು ಅವಳೇ ಹೇಳಿ ತರಿಸಿದ್ದು. ನೀನು ಗೆಳತಿಯ ಮನೆಗೆ ಹೋಗಿದ್ದಾಗ, ಭೂಮಿ ಹುಣ್ಣಿಮೆಯ ಬುಟ್ಟಿಗೆ ಬಳಿಯುವ ಕೆಮ್ಮಣ್ಣನ್ನು ಅದರಲ್ಲೇ ನುಣ್ಣಗೆ ಅರೆದಳಂತೆ. ಆಮೇಲೆ ತೊಳೆದಿಟ್ಟಳಂತೆ. ಉಳಿದ ಕೆಮ್ಮಣ್ಣನ್ನು ಕಾಗದದ ಮೇಲೆ ಹರಡಿ, ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ಕೆಳಗೆ ಆಡಿಸಿ ನೋಡಿದೆ. ಕಣಗಳು ಎದ್ದು ನಿಂತವು; ತೊಳೆದರೂ ಅಂಥ ಕಣ ಕಲ್ಲಿನಲ್ಲಿ ಉಳಿದಿರಬಹುದು. ಹಬ್ಬದ ಮೇಲೆ ಅರೆದ ಹರಳೆಲ್ಲ ಆ ಕಲ್ಲಿನಲ್ಲೇ ಅಲ್ಲವೇ? ಬೇರೆ ಕಲ್ಲಿನಲ್ಲಿ ಅರೆದು ಮತ್ತೆ ಅಳೆ. ಕಾಂತಗುಣ ಹೋದರೆ, ನಿನ್ನ ಗೈಡ್ ಎಂಥವರೇ ಆಗಿರಲಿ, ಈ ಮಾತಿನಲ್ಲಿ ಅವರೇ ಸರಿ. ಅವರು ಮತ್ತೆ ಕೇಳುವ ಮೊದಲು ನೀನೇ ಬರೆದು ತಿಳಿಸು, ಸಹಿ ಮಾಡು. ಪ್ರಬಂಧದಲ್ಲಿ ಹೆಸರಿದ್ದವರೆಲ್ಲ ಕೆಳಗೆ ಸಹಿ ಹಾಕಲಿ ಎಂದೂ ಕೇಳು. ನಿನ್ನ ಅಮ್ಮನಿಗೆ ನಾನು ಏನೂ ಹೇಳಿಲ್ಲ. ಮಗಳ ಕಲ್ಲಿನಿಂದ ಈ ಸಲ ಬುಟ್ಟಿಯ ಬಣ್ಣ ಯಾರ ಮನೆಯಲ್ಲೂ ಇಲ್ಲದಷ್ಟು ಚೆಂದ ಬಂತು ಎಂದು ಇನ್ನೂ ಹೇಳಿಕೊಂಡು ತಿರುಗುತ್ತಿದ್ದಾಳೆ.