ಲಿಫ್ಟಿನಲ್ಲಿ ಕೆಮ್ಮುವವಳು

ಮಾರ್ಚ್ 3, ಸೋಮವಾರ

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಸಲ ಕೆಮ್ಮಿದೆ. ಗಂಟಲು ಕೆರೆಯುತ್ತಿದೆ. ಎರಡನೇ ಮಹಡಿಯ ಟೀಚರ್, "ಏನಮ್ಮಾ, ಡಾಕ್ಟರಿಗೆ ತೋರಿಸಬಾರ್ದಾ?" ಎಂದರು. ತಲೆ ತಗ್ಗಿಸಿ ನಕ್ಕೆ. ಕಾಯಿಲೆ ಇದ್ದರೆ ತಾನೇ.

ಅಪ್ಪ ಓಡಿಸುವ ಈ ಬಿಲ್ಡಿಂಗಿನ ಲಿಫ್ಟಿಗೆ ಗುಂಡಿಗಳಿಲ್ಲ. ಹಿಡಿಕೆ. ಬಾಗಿಲು ಮುಚ್ಚಿದರೆ ಹೊರಗಿನದೇನೂ ಕಾಣದು. ಪ್ರತಿ ಮಹಡಿಗೂ ಸ್ವಲ್ಪ ಮುಂಚೆ ಕೆಳಗೆಲ್ಲೋ ಕಬ್ಬಿಣ ಟಕ್ ಅನ್ನುತ್ತದೆ. ಆಗಲೇ ಹಿಡಿಕೆ ಬಿಡಬೇಕು. ತಪ್ಪಿದರೆ ಗೇಣು ಮೇಲೆ, ಇಲ್ಲವೇ ಗೇಣು ಕೆಳಗೆ. ಎರಡು ವರ್ಷದಿಂದ ಅಪ್ಪನ ಕಿವಿ ಮಂದ. ಅದಕ್ಕೇ ಮೂಲೆಯ ಸ್ಟೂಲಿನಲ್ಲಿ ಕೂತು ಮನೆಮನೆಯವರ ಬಟ್ಟೆ ಹೊಲಿಯುತ್ತಾ, ಟಕ್ ಎಂದ ಕೂಡಲೇ ಜೋರಾಗಿ ಕೆಮ್ಮುತ್ತೇನೆ. ಅಪ್ಪ ಹಿಡಿಕೆ ಬಿಡುತ್ತಾರೆ.

ಈ ವಿಷಯ ನಾವಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಆಡಿಲ್ಲ. ಬಿಲ್ಡಿಂಗಿನ ಸೆಕ್ರೆಟರಿಗೆ ಗೊತ್ತಾದರೆ ಅಪ್ಪನ ಕೆಲಸ ಹೋಯಿತು. ಕೆಲಸದ ಜೊತೆ ಮೆಟ್ಟಿಲ ಕೆಳಗಿನ ಈ ಹಲಗೆ ನೆಲದ ಕೋಣೆಯೂ.

ಮಾರ್ಚ್ 4

ಸಿನಿಮಾದವರು ಬಂದರು. ಹಳೇ ಕಾಲದ ಕಥೆಯಂತೆ, ನಮ್ಮ ಬಿಲ್ಡಿಂಗೇ ಬೇಕಂತೆ. ಟೋಪಿ ಹಾಕಿದ ಡೈರೆಕ್ಟರು ಓರೆ ಕಂಬಗಳನ್ನು ಸವರಿದರು. ತೂತು ಇಟ್ಟಿಗೆಯ ಗೋಡೆಯಿಂದ ಮೊಸಾಯಿಕ್ ನೆಲಕ್ಕೆ ಬಿದ್ದ ಬಿಸಿಲಿನ ಚುಕ್ಕಿಗಳನ್ನು ನೋಡುತ್ತಾ ನಿಂತೇಬಿಟ್ಟರು. ನಾನು ದಿನಾ ಒರೆಸುವ ನೆಲ.

"ಅರವತ್ತು ವರ್ಷದಿಂದ ಒಂದು ಮೊಳೆ ಬದಲಾಯಿಸಿಲ್ಲ ಸಾರ್," ಎಂದರು ಸೆಕ್ರೆಟರಿ. ಅವರ ಜಿಪುಣತನಕ್ಕೆ ಇವತ್ತು ಮರ್ಯಾದೆ ಸಿಕ್ಕಿತು.

ಡೈರೆಕ್ಟರು ಅಪ್ಪನ ಕಡೆ ತಿರುಗಿ, "ಯಜಮಾನ್ರೇ, ಲಿಫ್ಟಿನ ಜೊತೆ ನಿಮ್ಮ ಮುಖಾನೂ ಬೇಕು," ಎಂದರು. ಅಪ್ಪನಿಗೆ ಕೇಳಿಸಲಿಲ್ಲ. ಸುಮ್ಮನೆ ನಕ್ಕರು. ಒಪ್ಪಿಗೆ ಎಂದುಕೊಂಡರು ಅವರು.

"ಒಳಗೆ ಹೀರೋಯಿನ್, ಲಿಫ್ಟಿನವರು, ಕ್ಯಾಮೆರಾ. ಬೇರೆ ಒಂದು ನೊಣಾನೂ ಇರಬಾರದು. ಸೌಂಡ್ ಅಲ್ಲೇ ರೆಕಾರ್ಡ್ ಆಗತ್ತೆ."

ನೊಣ ಎಂದರೆ ನಾನು.

ಮಾರ್ಚ್ 9, ಭಾನುವಾರ

ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಅನ್ನವೂ ಸೇರುತ್ತಿಲ್ಲ.

ಇವತ್ತು ರಿಹರ್ಸಲ್. ಹೀರೋಯಿನ್ ಅಳುತ್ತಾ ಬರಬೇಕು, ನಾಲ್ಕನೇ ಮಹಡಿಯಲ್ಲಿ ನೆಲ ನೋಡದೆ ಹೊರಗೆ ಕಾಲಿಡಬೇಕು. ಗೇಣುದ್ದ ಹಿಮ್ಮಡಿಯ ಚಪ್ಪಲಿ ಬೇರೆ. ಮೇಲೆ ಹೋಗಿ ನಿಂತೆ. ಕಣ್ಣು ಮುಚ್ಚಿಕೊಂಡೆ. ಬಾಗಿಲು ತೆರೆಯಿತು...

ನೆಲಕ್ಕೆ ಸಮ. ಮೂರು ಸಲವೂ ಸಮ.

ನಾನಿಲ್ಲದೆ ಹೇಗೆ? ಖುಷಿಯಾಗಬೇಕಿತ್ತು. ಆಗಲಿಲ್ಲ. ಅದೃಷ್ಟ ಎಷ್ಟು ಸಲ ಕೈ ಹಿಡಿದೀತು?

ಮಾರ್ಚ್ 11, ಸಂಜೆ

ಇವತ್ತು ಶೂಟಿಂಗ್. ನೀಲಿ ಯೂನಿಫಾರ್ಮ್, ಹಿತ್ತಾಳೆ ಗುಂಡಿ, ದಪ್ಪ ಅಟ್ಟೆಯ ಕರೀ ಬೂಟು. ಅಪ್ಪ ದೊಡ್ಡ ಆಫೀಸರ್ ಥರ ಕಂಡರು. ಆಮೇಲೆ ಬಾಗಿಲು ತೆರೆಯಿತು. ಲಿಫ್ಟು ಗೇಣು ಕೆಳಗೆ. ಹೀರೋಯಿನ್ ಎಡವಿ ಮಂಡಿಯೂರಿ ಬಿದ್ದರು. "ಪರವಾಗಿಲ್ಲ, ಪರವಾಗಿಲ್ಲ," ಎಂದವರು ಅವರೇ. ಎರಡನೇ ಸಲ ಗೇಣು ಮೇಲೆ.

ಸೆಕ್ರೆಟರಿ ಎಲ್ಲರ ಎದುರಿಗೆ, "ಏನಯ್ಯಾ, ನಿಂತಲ್ಲೇ ನಿದ್ದೆನಾ? ನಾಳೆಯೂ ಹೀಗಾದ್ರೆ ಗಂಟುಮೂಟೆ ಕಟ್ಟು," ಎಂದರು. ಅಪ್ಪ ಅವರ ತುಟಿಯನ್ನೇ ನೋಡುತ್ತಿದ್ದರು. ಅರ್ಥವಾಯಿತು, ಮುಖ ಸಣ್ಣದಾಯಿತು.

ಕೋಣೆಗೆ ಬಂದು ಎದುರು ಕೂತೆ. ಒಂದೊಂದೇ ಮಾತು ಬಿಡಿಸಿ ಕೇಳಿದೆ.

"ಮೊನ್ನೆ ಸರಿ ನಿಲ್ತಲ್ಲಪ್ಪಾ. ಇವತ್ತೇನಾಯ್ತು?"

"ಬೂಟು ಕಣೆ. ಬರಿಗಾಲಿಗೆ ಸಿಗೋ ಹಾಗೆ ನೆಲಾನೇ ಸಿಗ್ತಿಲ್ಲ."

"ಅಂದ್ರೆ?"

"ಟಕ್ ಅಂದಾಗ ಅಂಗಾಲು ಜುಮ್ ಅನ್ನತ್ತೆ. ಇರುವೆ ಕಚ್ಚಿದ ಹಾಗೆ. ಕಿವಿ ಕೈಕೊಟ್ಟ ಮೇಲೆ ಅದರಲ್ಲೇ ನಡೀತಿದೆ."

"ಮತ್ತೆ ನನ್ನ ಕೆಮ್ಮು?"

"ಯಾವ ಕೆಮ್ಮು?"

ಎರಡು ವರ್ಷ. ದಿನಕ್ಕೆ ನಲವತ್ತು ಸಲ.

ಅಪ್ಪ ಗಾಬರಿಯಿಂದ ನನ್ನ ಹಣೆ ಮುಟ್ಟಿದರು. "ಕೆಮ್ಮು ಬೇರೆ ಇತ್ತಾ ನಿಂಗೆ? ಹೇಳಬಾರ್ದಾ ಮಗಳೇ, ಬಿಸಿನೀರಾದ್ರೂ ಕಾಯಿಸಿ ಕೊಡ್ತಿದ್ದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾರ್ಚ್ 12, ಬೆಳಿಗ್ಗೆ 7

ಸಿನಿಮಾದವರ ಬಟ್ಟೆ ನೋಡಿಕೊಳ್ಳುವ ಅಕ್ಕನ ಹತ್ತಿರ ಹೋದೆ. 'ಅಪ್ಪನಿಗೆ ಬೂಟು ಬೇಡ' — ಮೆಟ್ಟಿಲು ಹತ್ತುವಾಗೆಲ್ಲಾ ಬಾಯಿಪಾಠ ಮಾಡಿದ್ದೆ. ಎದುರಿಗೆ ನಿಂತಾಗ "ಬೂಟು..." ಅಷ್ಟೇ ಬಂತು.

"ಪಾಲಿಶ್ ಮಾಡ್ತೀಯಾ? ಒಳ್ಳೇದಾಯ್ತು, ತಗೋ. ಶಾಟ್ ಬೂಟಿಂದಾನೇ ಶುರು. ಫಳಫಳ ಅನ್ನಬೇಕು."

ಹಿಡಿದುಕೊಂಡು ಬಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಮಾತು ಬಾರದಿದ್ದರೂ ಹೊಲಿಗೆ ಬರುತ್ತದೆ. ಅಂಚಿನ ಹೊಲಿಗೆ ಬಿಚ್ಚಿ ಅಟ್ಟೆಯನ್ನು ಪೂರಾ ತೆಗೆದೆ. ಎರಡು ಬೆರಳಲ್ಲಿ ರಕ್ತ. ಮೇಲಿನಿಂದ ನೋಡಿದರೆ ಹೊಸ ಬೂಟು. ಕೆಳಗೆ ಬರೀ ಅಪ್ಪನ ಕಾಲು.

ಪರರ ವಸ್ತು. ಸಿಕ್ಕಿಬಿದ್ದರೆ?

ಮಧ್ಯಾಹ್ನ 2

ಮುಗಿಯಿತು.

ನಾಲ್ಕನೇ ಮಹಡಿಯಲ್ಲಿ ಗೋಡೆಗಂಟಿ ನಿಂತಿದ್ದೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಟಕ್ ಕೇಳಿಸಿತು. ಅಭ್ಯಾಸಬಲ, ಕೆಮ್ಮು ಗಂಟಲಿಗೆ ಬಂದೇಬಿಟ್ಟಿತು. ಸೆರಗು ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು.

ಬಾಗಿಲು ತೆರೆಯಿತು. ಸಮ. ಹೀರೋಯಿನ್ ಅಳುತ್ತಾ, ಕೆಳಗೆ ನೋಡದೆ, ನೇರ ನಡೆದು ಹೋದರು. ಮೊದಲು ಚಪ್ಪಾಳೆ ತಟ್ಟಿದ್ದು ಸೆಕ್ರೆಟರಿ.

ಅಕ್ಕ ಬೂಟು ವಾಪಸ್ ತೆಗೆದುಕೊಳ್ಳಲು ಬಗ್ಗಿದರು. ಮಗುಚಿದರು. ಆ ಕಡೆಯಿಂದ ಈ ಕಡೆ ಕಾಣಿಸಿತು.

"ಯಾರು ಮಾಡಿದ್ದಿದು?"

"ನಾನು." ಇಷ್ಟು ಜೋರಾಗಿ ಮಾತಾಡಿದ್ದು ನೆನಪಿಲ್ಲ. "ಹೊಲಿದು ಕೊಡ್ತೀನಿ ಅಕ್ಕಾ."

ಅವರು ಅಪ್ಪನ ಬರಿಗಾಲು ನೋಡಿದರು, ನನ್ನ ಬೆರಳು ನೋಡಿದರು. ಸೆಕ್ರೆಟರಿ ಹತ್ತಿರ ಬರುತ್ತಿದ್ದರು. ಅಕ್ಕ ಬೂಟನ್ನು ನನ್ನ ಸೆರಗಿನೊಳಗೆ ತಳ್ಳಿ, "ಐದು ಗಂಟೆಗೆ ನಿಮ್ಮ ರೂಮಿಗೆ ಬರ್ತೀನಿ. ಯಾಕೆ ಅಂತ ಹೇಳ್ಬೇಕು. ಸುಳ್ಳು ಬೇಡ," ಎಂದರು.

ಸಂಜೆ 5

ಒಂದು ಬೂಟು ಹೊಲಿದಾಯಿತು. ಇನ್ನೊಂದು ಅರ್ಧ.

ಅಕ್ಕ ಒಳ್ಳೆಯವರ ಹಾಗೆ ಕಾಣುತ್ತಾರೆ. ಹೇಳಿದರೆ ಅವರ ಬಾಯಿಂದ ಸೆಕ್ರೆಟರಿಗೆ ಹೋಗುತ್ತದೋ ಏನೋ. ಹೇಳದಿದ್ದರೆ ಕಳ್ಳಿಯಾಗುತ್ತೇನೆ. ಕಿವಿ ಅಪ್ಪನದು. ನನ್ನದಲ್ಲದ ಗುಟ್ಟು ನಾನು ಹೇಗೆ ಬಿಟ್ಟುಕೊಡಲಿ?

ಬಾಗಿಲು ತಟ್ಟುತ್ತಿದ್ದಾರೆ. ಅಪ್ಪ ಗೋಡೆ ಕಡೆ ಮುಖ ಮಾಡಿ ಕೂತಿದ್ದಾರೆ, ಕೇಳಿಸಿಲ್ಲ. ಕೆಮ್ಮಲು ಹೋದೆ. ಬಿಟ್ಟೆ. ಹಿಮ್ಮಡಿಯಿಂದ ಹಲಗೆಗೆ ಎರಡು ಸಲ ಬಡಿದೆ.

ಅಪ್ಪ ತಿರುಗಿದರು. ಬಾಗಿಲು ತೋರಿಸಿದೆ, ನನ್ನ ಕಿವಿ ಮುಟ್ಟಿಕೊಂಡೆ — ಹೇಳಿಬಿಡಲಾ? ಅಪ್ಪ ಬೂಟು ನೋಡಿದರು. ಎದ್ದರು. ಬಾಗಿಲಿಗೆ ಅವರೇ ಹೊರಟರು. "ನನ್ನ ಕಿವಿ, ನಾನೇ ಹೇಳ್ತೀನಿ," ಎಂದರು.