ಅಚ್ಚಿಗೆ ಇಟ್ಟ ವಿಭೂತಿ

ಶುಕ್ರವಾರ, 14 ನವೆಂಬರ್ 2025

ಮುನೇಶ್ವರಾ, ತಪ್ಪು ನನ್ನದೇ. ಸೂಳಗಿರಿಯ ನಮ್ಮ ಪ್ಲಾಸ್ಟಿಕ್ ಕಾರ್ಖಾನೆಗೆ ರಕ್ತ ಪರೀಕ್ಷೆಯ ಬಿಲ್ಲೆ ಮಾಡುವ ಹೊಸ ಅಚ್ಚು ಬಂದಿದೆ. ಅದರೊಳಗೆ ಕೂದಲಿಗಿಂತ ಸಣ್ಣ ಗೆರೆಗಳಿವೆಯಂತೆ. ನನ್ನ ಕಣ್ಣಿಗೆ ಬರೀ ಕನ್ನಡಿ. ಪೂಜೆಯಿಲ್ಲದೆ ಶುರು ಮಾಡುವುದುಂಟೆ? ಕುಂಕುಮವಾದರೆ ಕೆಂಪಗೆ ಕಾಣುತ್ತದೆಂದು, ಯಾರೂ ಇಲ್ಲದಾಗ ಚಿಟಿಕೆ ವಿಭೂತಿಯನ್ನು ಹೆಬ್ಬೆಟ್ಟಿನಿಂದ ಅಚ್ಚಿಗೆ ಒತ್ತಿದೆ.

ಬಂದ ಬಿಲ್ಲೆಗಳಲ್ಲೆಲ್ಲ ಒಂದೇ ಕಲೆ! ಸೂಪರ್‌ವೈಸರ್ ಕುಮಾರೇಶ್ ಪ್ಯಾಕಿಂಗಿನ ಭಾನು ಮೇಲೆ ಹಾರಿಬಿದ್ದ: "ಗ್ಲೌಸ್ ಇಲ್ದೆ ಮುಟ್ಟಿದ್ದೀಯ. ನಾಳೆಯಿಂದ ಬರ್ಬೇಡ." ಅವಳು ಅಳತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ಅವಳನ್ನ ಬಿಡಪ್ಪಾ. ಅಚ್ಚಿಗೆ ವಿಭೂತಿ ಇಟ್ಟೋಳು ನಾನು."

ಅವನು ಒಂದು ಬಿಲ್ಲೆಯನ್ನಿಟ್ಟು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ. ಒಳಗೆ ನನ್ನ ಹೆಬ್ಬೆಟ್ಟಿನ ಗುರುತು, ಒಂದು ಗೆರೆಯೂ ಬಿಡದೆ! ಪಾತ್ರೆ ತಿಕ್ಕಿ ಸವೆದಿದೆಯೆಂದು ಹಾಜರಿ ಮಿಷನ್ನು ದಿನವೂ ಬೇಡವೆನ್ನುವ ಹೆಬ್ಬೆಟ್ಟು ಅದೇ.

"ಅಕ್ಕಯಮ್ಮಾ," ಕುಮಾರೇಶ್ ಹಣೆ ಚಚ್ಚಿಕೊಂಡ, "ನಾಳೆಯಿಂದ ಹಾಜರಿನೂ ಇಲ್ಲೇ ಒತ್ಬುಡು!" ಅಳುತ್ತಿದ್ದ ಭಾನುವೂ ನಕ್ಕುಬಿಟ್ಟಳು.

ಇಬ್ಬರ ಕೆಲಸವೂ ಉಳಿಯಿತು. ನಾಳೆ ಅಚ್ಚನ್ನು ತೊಳೆದು ಮತ್ತೆ ಕೂರಿಸುತ್ತಾರೆ. ತೊಳೆದ ಮೇಲೆ ಪೂಜೆಯೂ ಹೋದಂತೆಯೇ ಅಲ್ಲವೆ? ಮಿಷನ್ನಿನ ಹೊರಬಾಗಿಲಿಗೆ ಇಟ್ಟರೆ ಸಾಕೇನಪ್ಪಾ, ಇಲ್ಲಾ ಒಂದು ಗ್ಲೌಸ್ ಹಾಕಿಕೊಂಡು ಅಚ್ಚಿಗೇ ಇಡಲೇ?