ನಾನು ಚೆಲ್ಲಿದ ನೊರೆ

ತಮ್ಮಾ ಸಿದ್ರಾಮ,

ನೀನಿದ್ದಾಗ ನಿನಗೆ ಬುದ್ಧಿ ಹೇಳಿದ್ದೇ ಹೆಚ್ಚು. ನನ್ನ ತಪ್ಪು ಹೇಳಿಕೊಂಡದ್ದಿಲ್ಲ. ಇವತ್ತು ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.

ಯಡ್ರಾಮಿಯ ಹೊರಗಿನ ನಿನ್ನ ಕಾರ್ಖಾನೆಗೆ ನಾನು ಮೊದಲ ಸಲ ಬಂದದ್ದು ನೆನಪಿದೆಯೇ? ಗಣಿಯ ಗ್ರಾಫೈಟ್ ಕಲ್ಲನ್ನು ಪುಡಿಮಾಡಿ, ನೀರಿಗೆ ಹಾಕಿ, ಚೂರು ಸೀಮೆಎಣ್ಣೆ, ಚೂರು ಪೈನ್ ಎಣ್ಣೆ ಬಿಟ್ಟು ಕಲಕುತ್ತಿದ್ದಿರಿ. "ಪೆನ್ಸಿಲ್ಲಿನ ಕಪ್ಪು ಅಂದ್ರ ಇದೇ ಅಕ್ಕಾ. ಮರಳು ಬಿಡಿಸಿದಷ್ಟೂ ಕಿಮ್ಮತ್ತು," ಎಂದೆ. ಹೇಗೆ ಬಿಡಿಸುತ್ತೀರಿ ಎಂದು ನಾನು ಕೇಳಲಿಲ್ಲ. ಮೆಟ್ರಿಕ್ ಪಾಸಾದವಳು ತಮ್ಮನನ್ನು ಕೇಳುವುದೇ?

ಸೋಲಾಪುರದ ಗಿರಾಕಿ ಬಂದ ಆ ಶುಕ್ರವಾರ. ಲೋಹ ಕರಗಿಸುವ ಮೂಸೆ ಮಾಡುವವನು. ಮಾದರಿ ಒಪ್ಪಿದರೆ ವರ್ಷವಿಡೀ ಮಾಲು ಬೇಕೆಂದಿದ್ದ. ಖಾಜಾ ಮಿಸ್ತ್ರಿ ನಾಲ್ಕು ಸಲ ತೊಳೆದದ್ದನ್ನು ಐದನೆಯ ಸಲ ತೊಟ್ಟಿಯಲ್ಲಿ ಕಲಕಿಟ್ಟು ನಮಾಜಿಗೆ ಹೋಗಿದ್ದ. ನೀನು ಗಿರಾಕಿಯನ್ನು ಕರೆತರಲು ಬಸ್ ಸ್ಟ್ಯಾಂಡಿಗೆ. ತೊಟ್ಟಿಯ ಮೇಲೆ ಗೇಣುದ್ದ ಕರಿ ನೊರೆ. ಅತನೂರಿನ ಅಪ್ಪನ ಗಾಣದಲ್ಲಿ ಬೆಲ್ಲದ ಕಡಾಯಿಯ ನೊರೆ ತೆಗೆದು ತೆಗೆದು ಪಳಗಿದ ಕೈ ಇದು. ಹೊಲಸು ಮೇಲೆ ಬರುತ್ತದೆ, ಒಳ್ಳೆಯದು ಕೆಳಗುಳಿಯುತ್ತದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಪರಸ್ಥಳದವರ ಮುಂದೆ ಹೊಲಸೇ? ತಂಬಿಗೆಯಿಂದ ಎತ್ತೆತ್ತಿ ಹೊಲಕ್ಕೆ ಚೆಲ್ಲಿದೆ. ಎರೆಮಣ್ಣಿನಲ್ಲಿ ಕಪ್ಪಿಗೆ ಕಪ್ಪು ಕೂಡಿ ಗುರುತೂ ಉಳಿಯಲಿಲ್ಲ.

ಗಿರಾಕಿ ತಳದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನಕ್ಕ. "ಸಾವ್ಕಾರ್ರ, ಇದ್ರಾಗ ಮೂಸಿ ಆಗೂದಿಲ್ರಿ. ಮನಿ ಕಟ್ಟಸ್ರಿ!"

ನೀನು ಖಾಜಾನ ಕಡೆ ತಿರುಗಿದೆ. "ನೊರಿ ಎಲ್ಲಿ ಹೋತಲೇ? ಯಾರಿಗಿ ಮಾರ್ದಿ?"

ಆಗ ತಿಳಿಯಿತು ನನಗೆ. ಇಲ್ಲಿ ಮರಳು ತಳಕ್ಕಿಳಿಯುತ್ತದೆ, ಗ್ರಾಫೈಟ್ ನೊರೆಗೆ ಅಂಟಿ ಮೇಲೆ ಬರುತ್ತದೆ. ನಾನು ಚೆಲ್ಲಿದ್ದೇ ಮಾಲು. ಖಾಜಾ ನನ್ನ ಕೈ ನೋಡಿದ. ಬೆರಳ ಸಂದಿಯಲ್ಲೆಲ್ಲ ಕಪ್ಪು ಹೊಳಪು. ಸೆರಗಿನಲ್ಲಿ ಮುಚ್ಚಿಕೊಂಡೆ. "ನಂಗ ಗೊತ್ತಿಲ್ರಿ," ಎಂದನವನು. ಕೂಲಿಯವರೆಲ್ಲರ ಮುಂದೆ ನೀನು ಅವನನ್ನು ಕಳ್ಳ ಎಂದು ಹೊರಹಾಕಿದೆ. ನನ್ನದು ಒಂದು ಮಾತು ಸಾಕಿತ್ತು, ಆದರೆ...

ನಿನ್ನ ಕೊನೆಯ ಬೇನೆಯಲ್ಲೂ "ಖಾಜಾ ಹಂಗ ಮಾಡಬಾರ್ದಿತ್ತಕ್ಕಾ" ಎಂದು ಕೊರಗಿದೆ.  ನಾನು ನಿನ್ನ ಹೊದಿಕೆ ಸರಿಮಾಡಿದೆ, ಅಷ್ಟೇ.

ನಿನ್ನೆ ಜೇವರ್ಗಿಯ ಖಾಜಾನ ಮನೆಗೆ ಹೋದೆ. ಕೂತುಕೊಳ್ಳದೆ, ನಿಂತೇ ಹೇಳಿದೆ.

"ಅವತ್ತೇ ನೋಡಿದ್ನ್ರಿ ಅಕ್ಕಾರ," ಎಂದ.

"ಮತ್ಯಾಕ ಬಾಯಿ ಮುಚ್ಕೊಂಡಿ?"

"ನೀವು ಹೇಳ್ತೀರಿ ಅಂತ ಕಾದೆನ್ರಿ."

ತಪ್ಪಾಯಿತು ಎಂದೆ. ಅವನು ತಲೆಯಾಡಿಸಿದ. "ನನ್ನ ಮನ್ಯಾಗ ಹೇಳಿದ್ರ ಏನ್ ಬಂತ್ರಿ? ಕಳ್ಳ ಅಂದದ್ದು ಅಲ್ಲಿ, ಎಲ್ಲಾರ ಮುಂದ."

ಆ ಕೂಲಿಯವರಲ್ಲಿ ಬಹಳ ಮಂದಿ ಈಗಲೂ ನಿನ್ನ ಮಗನ ಕೈಕೆಳಗೆ ಅಲ್ಲೇ ಇದ್ದಾರೆ. ನಾಳೆ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅದೇ ತೊಟ್ಟಿಯ ಮುಂದೆ ನಿಲ್ಲುತ್ತೇನೆ. ಖಾಜಾನೂ ಬರುತ್ತಾನೆ. ಕಳ್ಳ ಅವನಲ್ಲ, ಚೆಲ್ಲಿದವಳು ನಾನು ಎಂದು ಗಟ್ಟಿಯಾಗಿ ಹೇಳುತ್ತೇನೆ. ಕೈ ಸೆರಗಿನೊಳಗೆ ಇರುವುದಿಲ್ಲ, ತಮ್ಮಾ.

ನಿನ್ನ ಅಕ್ಕ